ನಿಶ್ಚಿತಾರ್ಥದ ಉಂಗುರಕ್ಕೆ ಗಣಿಯ ವಜ್ರವೋ, ಪ್ರಯೋಗಾಲಯದ ವಜ್ರವೋ?

ಪ್ರಶ್ನೆ (ಜಯನಗರದಿಂದ): ಬರುವ ಮಾಘದಲ್ಲಿ ನನ್ನ ನಿಶ್ಚಿತಾರ್ಥವಿದೆ. ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಒಂದೇ ಗಾತ್ರದ ಎರಡು ಹರಳುಗಳನ್ನು ನೋಡಿದೆವು. ಪ್ರಯೋಗಾಲಯದ ವಜ್ರದ ಬೆಲೆ ಗಣಿಯ ವಜ್ರದ್ದಕ್ಕಿಂತ ಬಹಳ ಕಡಿಮೆ. ನನ್ನ ಭಾವಿ ಪತ್ನಿ ಅದನ್ನೇ ಮೆಚ್ಚಿದ್ದಾಳೆ, ಆದರೆ ಅಜ್ಜಿ ಅದು ನಕಲಿ ಕಲ್ಲು ಎನ್ನುತ್ತಾರೆ. ಯಾವುದನ್ನು ಆರಿಸಲಿ?

ಉತ್ತರ 1: ಅಜ್ಜಿಯವರ ಮನಸ್ಸಿನಲ್ಲಿರುವುದು ಬಹುಶಃ ‘ಅಮೆರಿಕನ್ ಡೈಮಂಡ್’, ಅದು ವಜ್ರದಂತೆ ಕಾಣುವ ಕ್ಯೂಬಿಕ್ ಜಿರ್ಕೋನಿಯಾ ಎಂಬ ಬೇರೆಯೇ ಕಲ್ಲು, ಅದರಲ್ಲಿ ಇಂಗಾಲವೇ ಇಲ್ಲ. ಪ್ರಯೋಗಾಲಯದ್ದಾದರೋ ಇಂಗಾಲದ ನಿಜವಾದ ವಜ್ರ: ವಜ್ರದ ತೆಳುವಾದ ಬೀಜಫಲಕದ ಮೇಲೆ ಮೀಥೇನ್ ಅನಿಲದಿಂದ ಬಿಡುಗಡೆಯಾದ ಇಂಗಾಲವನ್ನು ಪದರಪದರವಾಗಿ ಕೂರಿಸುವ ಸಿವಿಡಿ ವಿಧಾನದಿಂದಲೋ, ಭಾರಿ ಒತ್ತಡ ಮತ್ತು ಶಾಖದ ಎಚ್‌ಪಿಎಚ್‌ಟಿ ವಿಧಾನದಿಂದಲೋ ಅದನ್ನು ಕೆಲವು ವಾರಗಳಲ್ಲಿ ಬೆಳೆಸುತ್ತಾರೆ. ಮೋಸ್ ಮಾಪಕದಲ್ಲಿ ಗಣಿಯ ವಜ್ರ, ಪ್ರಯೋಗಾಲಯದ ವಜ್ರ ಎರಡರ ಗಡಸುತನವೂ 10, ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ವಕ್ರೀಭವನ ಸೂಚ್ಯಂಕವೂ ಸುಮಾರು 2.42. ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಖಚಿತವಾಗಿ ಗುರುತಿಸಲು ವಿಶೇಷ ಉಪಕರಣಗಳೇ ಬೇಕು.

ಉತ್ತರ 2: ಆದರೂ ಮುಂದೆ ಮಾರಿದರೆ ಹಣ ಬರುತ್ತದೆಂಬ ಭರವಸೆಯಿಂದ ಪ್ರಯೋಗಾಲಯದ ವಜ್ರವನ್ನು ಕೊಳ್ಳಬೇಡಿ. ವಜ್ರದ ಗಣಿ ಕಂಪನಿ ಡಿ ಬೀರ್ಸ್ 2018ರಲ್ಲಿ ಪ್ರಯೋಗಾಲಯದ ವಜ್ರಗಳ ಲೈಟ್‌ಬಾಕ್ಸ್ ಬ್ರ್ಯಾಂಡ್ ಆರಂಭಿಸಿದಾಗ ಕ್ಯಾರೆಟ್‌ಗೆ 800 ಡಾಲರ್ ಬೆಲೆ ಇಟ್ಟಿತ್ತು. ಅನಂತರ ಸಗಟು ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ಗಣಿಯ ವಜ್ರವನ್ನು ಮರಳಿಸಿದರೂ ಕೊಟ್ಟಷ್ಟು ಸಿಗುವುದು ಅಪರೂಪ. ಉಳಿತಾಯವೇ ಉದ್ದೇಶವಾದರೆ ಚಿನ್ನ ಬೇರೆಯಾಗಿ ಕೊಳ್ಳಿ. ಉಂಗುರ ಧರಿಸುವವಳು ಅವಳು, ಆದ್ದರಿಂದ ನನ್ನ ಮತ ಅವಳ ಆಯ್ಕೆಗೆ.

ಉತ್ತರ 3: ಯಾವುದನ್ನೇ ಕೊಂಡರೂ ರತ್ನಗಳನ್ನು ಪರೀಕ್ಷಿಸುವ ಸಂಸ್ಥೆಗಳಾದ ಐಜಿಐ ಅಥವಾ ಜಿಐಎಯ ಪ್ರಮಾಣಪತ್ರ ಕೇಳಿ, ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆಯಿದ್ದರೆ ಅದನ್ನು ಅಂಗಡಿಯಲ್ಲಿಯೇ ಭೂತಗನ್ನಡಿಯಿಂದ ಹೋಲಿಸಿ ನೋಡಿ.