ಅಪ್‌ಡೇಟ್: ಪುಣೆ–ಪಂಚಗಣಿ–ಪುಣೆ ಸೈಕಲ್ ಸವಾರಿ, ಕೈ ಜೋಮು ಹೋಯ್ತು

ಎಂಬತ್ತು ಕಿ.ಮೀ. ದಾಟಿದ ಮೇಲೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತೆ, 200 ಕಿ.ಮೀ. ಹೇಗೆ ಮುಗಿಸೋದು ಅಂತ ಕೇಳಿದ್ದೆನಲ್ಲ, ಕಳೆದ ಭಾನುವಾರ ಐದೂ ಜನ ಮುಗಿಸಿದ್ವಿ!

ಜೆಲ್ ಗ್ಲೌಸ್ ಹಾಕಿದರೂ ಏನೂ ಪ್ರಯೋಜನ ಆಗಲಿಲ್ಲ. ಹ್ಯಾಂಡಲ್‌ಗೆ ದಪ್ಪ ಟೇಪ್ ಸುತ್ತಿದ್ದಕ್ಕೂ ಅಷ್ಟೇ. ಕೆಲಸ ಮಾಡಿದ್ದು "ಮೊದಲು ಸೀಟ್ ನೋಡಿ" ಅಂದವರ ಮಾತು. ನನ್ನ ಸೀಟಿನ ಮೂತಿ ಕೆಳಗೆ ಬಾಗಿತ್ತು, ಮೈಭಾರವೆಲ್ಲ ಅಂಗೈಗೆ ಬೀಳ್ತಿತ್ತು. ಸೀಟ್ ಮಟ್ಟ ಮಾಡಿದೆ, ಮೊಣಕೈ ಸ್ವಲ್ಪ ಮಡಚಿಟ್ಟುಕೊಂಡೆ, ಆಗಾಗ ಹಿಡಿತ ಬದಲಿಸಿದೆ. ಅಂಗೈಯ ಕಿರುಬೆರಳಿನ ಬದಿಯಲ್ಲಿ ಅಲ್ನಾರ್ ನರ ಹೋಗುತ್ತೆ, ಅದು ಒತ್ತಿದರೆ ಆ ಎರಡೇ ಬೆರಳು ಮರಗಟ್ಟುತ್ತವೆ ಅನ್ನೋದು ನನಗೆ ಹೊಸ ವಿಷಯ.

ಪುಣೆಯ ಕಾತ್ರಜ್‌ನಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಟ್ವಿ. ಖಂಬಾಟ್ಕಿ ಘಾಟಿಯಲ್ಲಿ ಯಾರೂ ಯಾರನ್ನೂ ಹಿಂದಿಕ್ಕಬಾರದು ಅಂತ ಮೊದಲೇ ಮಾತಾಗಿತ್ತು. ವಾಯಿ ದಾಟಿ ಪಸರಣಿ ಘಾಟಿ ಹತ್ತುವಾಗ ಒಬ್ಬ ಗೆಳೆಯನಿಗೆ ಮೀನಖಂಡ ಹಿಡ್ಕೊಳ್ತು. ಕಾಲು ಚಾಚಿಸಿ, ಉಪ್ಪು-ನಿಂಬೆ ಪಾನಕ ಕುಡಿಸಿ, ಅರ್ಧ ಗಂಟೆ ಎಲ್ಲರೂ ಜೊತೆಗೇ ಕೂತ್ವಿ. ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನ ಅಲ್ಲೇ ಖಾಲಿ!

ವಾಪಸ್ ಬರುವಾಗ ಎದುರುಗಾಳಿ, ಹಿಂದಿನವರಿಗೆ ಗಾಳಿ ತಡೆಯೋಕೆ ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಸೈಕಲ್ ಹೊಡೆದ್ವಿ. ಮನೆ ಸೇರಿದಾಗ ರಾತ್ರಿ ಎಂಟೂವರೆ. ಬೆರಳು ಚೆನ್ನಾಗಿದ್ವು. ಸೀಟಿನ ಸಲಹೆ ಕೊಟ್ಟ ಅಣ್ಣನಿಗೆ ತುಂಬಾ ಥ್ಯಾಂಕ್ಸ್.