ರೇಸ್ ನಿಲ್ಲಿಸಿ ಕಲಿಸಲು ಹೊರಟಿದ್ದೇನೆ, ಕಲಿಸಿದವರು ಅನುಭವ ಹೇಳಿ

ಹನ್ನೆರಡು ವರ್ಷ ಸಿಂಗಲ್ ಸೀಟರ್ ಕಾರುಗಳಲ್ಲಿ ರೇಸ್ ಮಾಡಿದವನು ನಾನು. ಕುತ್ತಿಗೆಗೆ ಬಿದ್ದ ಪೆಟ್ಟಿನಿಂದ ಈ ವರ್ಷ ನಿಲ್ಲಿಸಬೇಕಾಯಿತು. ಈಗ ಹೊಸಬರಿಗೆ ಕಲಿಸುವ ಕೆಲಸ ಸಿಕ್ಕಿದೆ. ಮೊದಲ ದಿನವೇ ಒಬ್ಬ ಹುಡುಗಿ, "ತಿರುವಿನಲ್ಲಿ ಬ್ರೇಕ್ ಯಾವಾಗ ಬಿಡಬೇಕು?" ಎಂದು ಕೇಳಿದಳು. ನನ್ನ ಕಾಲಿಗೆ ಗೊತ್ತಿರುವ ಉತ್ತರ ಬಾಯಿಗೆ ಬರಲೇ ಇಲ್ಲ. ಕಲಿಸಿ ಪಳಗಿದವರು ದಯವಿಟ್ಟು ದಾರಿ ತೋರಿಸಿ.

ಮೊದಲ ಉತ್ತರ:
ಹದಿನೈದು ವರ್ಷಗಳಿಂದ ಕಲಿಸುತ್ತಿದ್ದೇನೆ, ಸರ್. ನನಗೂ ಹೀಗೇ ಆಗಿತ್ತು. ಹೇಳಲು ಬಾರದ್ದನ್ನು ಓಡಿಸಿ ತೋರಿಸಲು ಹೊರಟಿದ್ದು ನನ್ನ ದೊಡ್ಡ ತಪ್ಪು. ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ವೇಗದಲ್ಲಿ ಸುತ್ತು ಹಾಕುತ್ತಿದ್ದೆ. ಇಳಿದ ಮೇಲೆ ಅವರಿಗೆ ಹೆದರಿಕೆಯೊಂದೇ ನೆನಪಿರುತ್ತಿತ್ತು. ಈಗ ಎರಡು ಸೀಟಿನ ಕಾರನ್ನು ಅರ್ಧ ವೇಗದಲ್ಲಿ ಓಡಿಸುತ್ತ, ಕೈಕಾಲು ಮಾಡುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತೇನೆ. ಮೊದಲು ನೀವೊಬ್ಬರೇ ಹೀಗೆ ಮಾತನಾಡುತ್ತ ಓಡಿಸಿ ನೋಡಿ.

ಬ್ರೇಕಿನ ಬಗ್ಗೆ ನಾನು ಹೇಳುವುದು ಇಷ್ಟು. ಬ್ರೇಕ್ ಒತ್ತಿದಾಗ ಭಾರ ಮುಂದಿನ ಟೈರುಗಳ ಮೇಲೆ ಬೀಳುತ್ತದೆ, ಅವುಗಳ ಹಿಡಿತ ಹೆಚ್ಚುತ್ತದೆ. ಆದರೆ ಆ ಹಿಡಿತಕ್ಕೂ ಮಿತಿಯಿದೆ. ಅದನ್ನೆಲ್ಲ ಬ್ರೇಕಿಗೇ ಕೊಟ್ಟರೆ ತಿರುಗಲು ಏನೂ ಉಳಿಯದು. ಥಟ್ಟನೆ ಕಾಲು ತೆಗೆದರೆ ಭಾರ ಹಿಂದಕ್ಕೆ ಸರಿದು ಮುಂದಿನ ಟೈರುಗಳು ಹಗುರಾಗುತ್ತವೆ. ಸ್ಟೀರಿಂಗ್ ಎಷ್ಟು ತಿರುಗಿತೋ ಅದೇ ಅಳತೆಯಲ್ಲಿ ಕಾಲು ಸಡಿಲವಾಗಬೇಕು. ಇದನ್ನು ಕಾರು ಹತ್ತುವ ಮೊದಲೇ ಕಲಿಸಬಹುದು. ಶಿಷ್ಯೆ ಒಂದು ಅಂಗೈಯಿಂದ ನಿಮ್ಮ ಅಂಗೈಯನ್ನು ಒತ್ತಲಿ. ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದಂತೆ ಮಾಡುತ್ತ ಒತ್ತಡ ಇಳಿಸುತ್ತ ಬರಲಿ. ಜರ್ರನೆ ಬಿಟ್ಟರೆ ನಿಮ್ಮಿಬ್ಬರಿಗೂ ಕೂಡಲೇ ಗೊತ್ತಾಗುತ್ತದೆ.

ಇನ್ನೊಬ್ಬರು:
ಕಣ್ಣನ್ನು ಮರೆಯಬೇಡಿ. ಹೊಸಬರು ತಾವು ಹೆದರಿದ ಗೋಡೆಯನ್ನೇ ನೋಡುತ್ತಾರೆ, ಕೈ ಕಾರನ್ನು ಅಲ್ಲಿಗೇ ಒಯ್ಯುತ್ತದೆ. ಒಂದು ಸುತ್ತಿಗೆ ಒಂದೇ ಸೂಚನೆ ಕೊಡಿ, ಅದೂ ನೇರ ಹಾದಿಯಲ್ಲಿದ್ದಾಗ. ತಿರುವಿನ ನಡುವೆ ರೇಡಿಯೊದಲ್ಲಿ ಮಾತು ಬೇಡವೇ ಬೇಡ.

ಮತ್ತೊಬ್ಬರು:
"ನಿಲ್ಲಿಸಬೇಕಾಯಿತು" ಎಂದು ಬರೆದಿದ್ದೀರಿ. ಆ ನೋವು ನನಗೂ ಗೊತ್ತು. ಆಗ ನನ್ನ ಕೈಹಿಡಿದದ್ದು ಅಮೆರಿಕದ ಬಾಬ್ ಬಾಂಡುರಾಂಟ್ ಅವರ ಬದುಕು. 1964ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಇನ್ನೊಬ್ಬ ಚಾಲಕ ಡ್ಯಾನ್ ಗರ್ನಿ ಜೊತೆಗೂಡಿ ಜಿಟಿ (ಗ್ರ್ಯಾಂಡ್ ಟೂರಿಂಗ್ ಕಾರುಗಳ) ವರ್ಗ ಗೆದ್ದವರು. 1967ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್ ರೇಸ್ ಟ್ರ್ಯಾಕಿನಲ್ಲಿ ಸ್ಟೀರಿಂಗ್ ಭಾಗವೊಂದು ಮುರಿದು ಕಾರು ಉರುಳಿತು, ಕಾಲುಗಳಿಗೆ ತೀವ್ರ ಪೆಟ್ಟಾಯಿತು. ಹಾಸಿಗೆ ಹಿಡಿದಿದ್ದಾಗಲೇ ರೇಸ್ ಚಾಲನೆ ಕಲಿಸುವ ಶಾಲೆಯ ಯೋಚನೆ ಮಾಡಿ 1968ರಲ್ಲಿ ತೆರೆದೇಬಿಟ್ಟರು. ಅಲ್ಲಿ ಕಲಿತ ನಟ ಪಾಲ್ ನ್ಯೂಮನ್ 1979ರ ಲೆ ಮಾನ್ಸ್‌ನಲ್ಲಿ ಎರಡನೆಯ ಸ್ಥಾನ ಪಡೆದ ಕಾರನ್ನು ಓಡಿಸಿದವರಲ್ಲಿ ಒಬ್ಬರು.

ಇನ್ನೊಂದು ಮಾತು: ಸಿಂಗಲ್ ಸೀಟರ್‌ನಲ್ಲಿ ಪಕ್ಕ ಕೂರಲಾಗದು. ತಡೆಗೋಡೆಯ ಹಿಂದೆ ನಿಂತು ಎಂಜಿನ್ ಸದ್ದು ಕೇಳಿ. ತಿರುವಿನಿಂದ ಹೊರಬರುವಾಗ ಸದ್ದು ಏರಿ, ಇಳಿದು, ಮತ್ತೆ ಏರಿದರೆ ಆಕ್ಸಿಲರೇಟರನ್ನು ಅವಸರದಿಂದ ಒತ್ತಿದ್ದಾರೆ ಎಂದು ತಿಳಿಯಿರಿ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆ. ಶನಿವಾರ ಅವಳು ಮತ್ತೆ ಬರುತ್ತಾಳೆ, ಅಂಗೈ ಅಭ್ಯಾಸದಿಂದಲೇ ಆರಂಭಿಸುತ್ತೇನೆ. ಅದಕ್ಕೂ ಮೊದಲು ನಾನೊಬ್ಬನೇ ಅರ್ಧ ವೇಗದಲ್ಲಿ ಮಾತನಾಡುತ್ತ ನಾಲ್ಕು ಸುತ್ತು ಹಾಕಬೇಕು.