ಒಪ್ಪಿಸಿಕೊಟ್ಟೀನಿ ಅಂತೀನಿ, ಶನಿವಾರ ಬಂತಂದ್ರ ಮತ್ತ ಬೀಳ್ತೀನಿ

ವಾಸ್ಕೋದಾಗಿನ ಗದಗಿನಾಂವ:
ಎಲ್ಲಾರಿಗೂ ಕರ್ತನ ಹೆಸರಿನ್ಯಾಗ ವಂದನೆ. ನಾನು ಗದಗ-ಬೆಟಗೇರಿ ಕಡಿಯಾಂವ, ಗೋವಾದ ವಾಸ್ಕೋಕ್ಕ ಬಂದು 11 ವರ್ಷ ಆತು, ಲೋಡಿಂಗ್ ಕೆಲಸ, ಮಂಗೋರ್ ಹಿಲ್‌ನ್ಯಾಗ ಬಾಡಿಗಿ ಮನಿ. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ ಚರ್ಚಿನವ್ರು ನಾವು, ಮನ್ಯಾಗ ಬೈಬಲ್ ಐತಿ ಪ್ರಾರ್ಥನಿ ಐತಿ, ಕುಡಿಯೋದು ಮಾತ್ರ ಬಿಡಾಕ ಆಗವಲ್ದು. ದಿನಾ ಒಂದು ಕ್ವಾರ್ಟರ್ ಬೇಕ ಬೇಕು, ಶನಿವಾರ ಪಗಾರ ಕೈಗೆ ಬಂತಂದ್ರ ಅದಕ್ಕ ಲೆಕ್ಕನ ಇಲ್ಲ, ಇಲ್ಲಿ ಊರಿಗಿಂತ ಅಗ್ಗ ಬ್ಯಾರೆ, ಬಸ್ ಇಳದು ಮನಿ ಮುಟ್ಟೂದ್ರಾಗ ನಾಕು ಬಾರ್ ದಾಟಬೇಕು. ಭಾನುವಾರ ಚರ್ಚಿನ್ಯಾಗ ಮೊಣಕಾಲೂರಿ ಅಳ್ತೀನಿ, ಕರ್ತಾ ಎಲ್ಲಾ ನಿನಗ ಒಪ್ಪಿಸಿಕೊಟ್ಟೆ ಅಂತೀನಿ, ಅದು ಸುಳ್ಳಲ್ಲ, ಆ ಹೊತ್ತಿಗೆ ಖರೇನ ಅಂತೀನಿ. ಹೋದ ವಾರ ಬಾಗಿಲ ಹೊರಗ ನಿಂತಿದ್ದೆ, ಒಳಗ ಎಂಟು ವರ್ಷದ ಮಗಳು ಪ್ರಾರ್ಥನಿ ಮಾಡಾಕತ್ತಿದ್ಲು, "ಯೇಸಪ್ಪಾ, ಪಪ್ಪಾ ಇವತ್ತು ಒದರಾಡದ ಮಲಗಲಿ" ಅಂತ. ಒಳಗ ಹೋಗಾಕ ಕಾಲ ಬರಲಿಲ್ಲ. ಒಪ್ಪಿಸಿಕೊಡು ಅಂತ ಪಾಸ್ಟರ್ ಹೇಳ್ತಾರ, ಒಪ್ಪಿಸಿಕೊಡೂದು ಅಂದ್ರ ಸೋಮವಾರ ಮುಂಜಾನೆ ಎದ್ದು ಏನ್ ಮಾಡೂದ್ರಿ? ಗೊತ್ತಿದ್ದವ್ರು ಹೇಳ್ರಿ.

ಚಿಂಚವಡ ಬೀದರ್:
ಅಣ್ಣಾ, ನಿಮ್ಮ ಮೆಸೇಜ್ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ, ನನ್ನ ಕಥೆನೂ ಇದೇ, ಊರು ಬೇರೆ ಅಷ್ಟೇ. ಬೈಬಲಿನ ಯಾಕೋಬನ ಪತ್ರಿಕೆ 4:7 ನಮಗೆಲ್ಲ ಬಾಯಿಪಾಠ, ಸೈತಾನನ್ನ ಎದುರಿಸ್ರಿ ಓಡಿಹೋಗ್ತಾನೆ ಅಂತ. ಆದ್ರೆ ಆ ವಚನ ಶುರುವಾಗೋದು ಅಲ್ಲಿಂದಲ್ಲ, ದೇವರಿಗೆ ಅಧೀನರಾಗಿರಿ ಅನ್ನೋದ್ರಿಂದ. ನಾನು ಆರು ವರ್ಷ ಬರೀ ಎರಡನೇ ಅರ್ಧ ಹಿಡ್ಕೊಂಡು ಹಲ್ಲು ಕಚ್ಚಿ ಎದುರಿಸಿದೆ, ಓಡಿದ್ದು ನಾನೇ ಹೊರತು ಸೈತಾನ ಅಲ್ಲ. ಅದರ ಹಿಂದಿನ ವಚನ ನೋಡ್ರಿ, ದೇವರು ಅಹಂಕಾರಿಗಳನ್ನ ಎದುರಿಸ್ತಾನೆ, ದೀನರಿಗೆ ಕೃಪೆ ಕೊಡ್ತಾನೆ. "ಇನ್ನು ಮುಟ್ಟಲ್ಲ" ಅಂತ ಆಣೆ ಮಾಡ್ತಿದ್ದೆನಲ್ಲ, ಅದ್ರಲ್ಲೂ ತುಂಬ್ಕೊಂಡಿದ್ದು ನಾನೇ, ನನ್ನ ಶಕ್ತಿ ನನ್ನ ಮಾನ, ಯಾರಿಗೂ ಗೊತ್ತಾಗದ ಹಾಗೆ ಬಿಟ್ಬಿಡ್ಬೇಕು ಅನ್ನೋ ಆಸೆ. ಅಧೀನರಾಗಿರಿ ಅನ್ನೋ ಕಡೆ ಇರೋ ಗ್ರೀಕ್ ಮಾತಿಗೆ ಒಬ್ಬರ ಕೈಕೆಳಗೆ ಹೋಗಿ ನಿಲ್ಲೋದು ಅಂತ ಅರ್ಥ. ಕೈಕೆಳಗೆ ನಿಂತವನು ಯಾವ ದಾರಿ ಅಂತ ತಾನು ಆರಿಸಲ್ಲ.

ಸೋಮವಾರ ಏನು ಮಾಡೋದು ಅಂದ್ರಲ್ಲ, ರೋಮಾಪುರದವರಿಗೆ 6:13ರಲ್ಲಿ ಪೌಲ ನಿಮ್ಮ ಅಂಗಗಳನ್ನ ದೇವರಿಗೆ ಒಪ್ಪಿಸ್ರಿ ಅಂತಾನೆ, ನಾನು ಅದನ್ನ ಹಾಗೇ ತಗೊಂಡೆ. ಕಾಲು ಒಪ್ಪಿಸೋದು ಅಂದ್ರೆ ಒಂದು ಸ್ಟಾಪ್ ಮುಂದೆ ಇಳಿದು ಹಿಂದಕ್ಕೆ ನಡೆಯೋದು. ಕೈ ಅಂದ್ರೆ ಪಗಾರ ಹೆಂಡ್ತಿ ಅಕೌಂಟಿಗೆ, ನನ್ನ ಜೇಬಲ್ಲಿ ಬಸ್ಸಿನ ದುಡ್ಡು ಅಷ್ಟೇ. ನಾಲಿಗೆನೇ ಭಾಳ ಕಷ್ಟ ಆಯ್ತು, ಯಾಕೋಬ 5:16 ಹೇಳೋ ಹಾಗೆ ಇನ್ನೊಬ್ಬರ ಮುಂದೆ ಪಾಪ ಹೆಸರಿಟ್ಟು ಹೇಳಬೇಕಿತ್ತು, ಚರ್ಚಿನ ಒಬ್ಬ ಹಿರಿಯರ ಮನೆಗೆ ಹೋಗಿ ಹೇಳಿದೆ. ಆಮೇಲೂ ಎರಡು ಸಲ ಬಿದ್ದೆ, ಬಿದ್ದ ದಿನಾನೇ ಅವರಿಗೆ ಫೋನ್ ಮಾಡಿದೆ. ಈಗ 9 ವರ್ಷ. ಇವತ್ತಿಗೂ ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಕರ್ತಾ ಇವತ್ತಿನ ದಿನ ಅಂತ ಕೇಳೋದು ಬಿಟ್ಟಿಲ್ಲ.

ಕರ್ತನೇ ಬಲ:
ಬ್ರದರ್, ಮೂರು ದಿನ ಉಪವಾಸ ಪ್ರಾರ್ಥನೆಗೆ ಕೂತ್ಕೊಳ್ಳಿ, ನೀರು ಮಾತ್ರ. ಒಂದೇ ಏಟಿಗೆ ಬಿಡುಗಡೆ ಆಗುತ್ತೆ, ಪೂರ್ತಿ ನಂಬಿಕೆ ಇದ್ರೆ ಬೇರೇನೂ ಬೇಡ.

ಮುಲುಂಡ್ ಆಂಟಿ:
ತಮ್ಮಾ, ಮೇಲಿನವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದ್ರೆ ಅದನ್ನ ಮಾತ್ರ ಈಗ ಮಾಡ್ಬೇಡಿ. ನಾನು ಮುಂಬೈಯಲ್ಲಿ 30 ವರ್ಷ ನರ್ಸ್ ಆಗಿದ್ದವಳು. ದಿನಾ ಕುಡಿಯೋ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದ್ರೆ ಒಂದು ದಿನದೊಳಗೆ ಕೈ ನಡುಗೋದು ಬೆವರೋದು ಶುರುವಾಗ್ತದೆ, ಕೆಲವರಿಗೆ ಫಿಟ್ಸ್ ಬರ್ತದೆ, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣೋದು ಕೇಳೋದು, ಜೀವಕ್ಕೇ ಅಪಾಯ. ಅದರ ಮೇಲೆ ಊಟನೂ ಇಲ್ಲದಿದ್ರೆ? ಇದನ್ನ ನಂಬಿಕೆ ಸಾಲದು ಅಂತ ಯಾರೂ ಹೇಳ್ಬೇಡಿ, ದಯವಿಟ್ಟು. ಪೌಲನ ಜೊತೆಗಿದ್ದ ಲೂಕ ವೈದ್ಯ, ಕೊಲೊಸ್ಸೆಯವರಿಗೆ 4:14ರಲ್ಲಿ ಪ್ರಿಯ ವೈದ್ಯ ಅಂತಲೇ ಕರೀತಾನೆ. ಗೋವಾದಲ್ಲಿ ಬಾಂಬೋಳಿಯ ಸರಕಾರಿ ಮಾನಸಿಕ ಆಸ್ಪತ್ರೆ ಇದೆ, ಕುಡಿತ ಬಿಡಿಸೋದಕ್ಕೂ ಅಲ್ಲಿ ನೋಡ್ತಾರೆ, ದಿನಕ್ಕೆ ಎಷ್ಟು ಕುಡೀತೀರಿ ಅಂತ ಮುಚ್ಚಿಡದೆ ಹೇಳಿ. ನಾನು ಸೋತೆ ಅಂತ ಡಾಕ್ಟರ್ ಮುಂದೆ ಹೇಳೋದೂ ತಗ್ಗಿಸಿಕೊಳ್ಳೋದೇ. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಕುಡಿತ ಬಿಡೋರ ಗುಂಪು 1935ರಲ್ಲಿ ಅಮೆರಿಕದಲ್ಲಿ ಶುರುವಾಯ್ತಲ್ಲ, ಅವರ ಮೊದಲನೇ ಮೆಟ್ಟಿಲೇ ಇದು ನನ್ನ ಕೈಲಿ ಆಗಲ್ಲ ಅಂತ ಒಪ್ಪಿಕೊಳ್ಳೋದು, ಮೂರನೇದು ನನ್ನ ಇಷ್ಟವನ್ನ ದೇವರ ಕೈಗೆ ಕೊಡೋದು.

ಮತ್ತೆ ಮಗಳ ವಿಷಯ. ಅವಳ ಪ್ರಾರ್ಥನೆ ಕೇಳಿಸಿತು ಅಂತ ಅವಳಿಗೆ ಹೇಳಿ.

ವಾಸ್ಕೋದಾಗಿನ ಗದಗಿನಾಂವ:
ಎಲ್ಲಾರೂ ಇಷ್ಟು ಬರಿತೀರಿ ಅನ್ಕೊಂಡಿರಲಿಲ್ಲ. ಅಕ್ಕಾರ, ನೀವು ಹೇಳಿದ ನಡುಗೂದು ನನಗ ಮುಂಜಾನೆ ಆಗ್ತೈತಿ, ಯಾರಿಗೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಹೆಂಡ್ತಿ ಮುಂದ ಎಲ್ಲಾ ಹೇಳಿದೆ, ಎಟಿಎಂ ಕಾರ್ಡ್ ಆಕಿ ಕೈಗೆ ಕೊಟ್ಟೆ, ಆಕಿ ಏನೂ ಮಾತಾಡ್ಲಿಲ್ಲ, ಕಾರ್ಡ್ ಬೈಬಲ್‌ನ್ಯಾಗ ಇಟ್ಲು. ಸೋಮವಾರ ರಜಾ ಹಾಕೀನಿ, ಬಾಂಬೋಳಿಗೆ ಇಬ್ಬರೂ ಹೊಂಟೀವಿ. ಚಿಂಚವಡ ಅಣ್ಣಾರ, ಶನಿವಾರ ಸಂಜಿ ಆರಕ್ಕ ನಿಮಗ ಫೋನ್ ಮಾಡ್ಲೇನ್ರಿ?

ಚಿಂಚವಡ ಬೀದರ್:
ಮಾಡ್ರಿ ಅಣ್ಣಾ. ನಂಬರ್ ಮೆಸೇಜ್ ಮಾಡೀನಿ. ನೀವು ಮಾಡದಿದ್ರೆ ಆರೂ ಕಾಲಿಗೆ ನಾನೇ ಮಾಡ್ತೀನಿ.